ದಡದಲ್ಲಿ ನಿಂತು ನಡೆಸುವ ದೋಣಿ

ಮನೆಯಿಂದ,
ಜೂನ್ ೮, ಭಾನುವಾರ

ಪ್ರೀತಿಯ ಎಂಜಿನ್ ಸಾಹೇಬರಿಗೆ,

ಹೇಗಿದ್ದೀರಿ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಬೆವರುಸಾಲೆ ಎದ್ದಿತ್ತಲ್ಲ, ವಾಸಿಯಾಯಿತೇ? ಇನ್ನೊಂದು ವರ್ಷದ ಕರಾರಿಗೆ ಸಹಿ ಹಾಕಲೇ, ಅಪ್ಪನ ಸ್ಥಿತಿ ನೋಡಿ ಹೇಳು ಎಂದು ಬರೆದಿದ್ದೀರಿ. ಅದಕ್ಕೇ ಮೊದಲು ಮಾವನವರ ಸಮಾಚಾರ.

ಲಕ್ವ ಹೊಡೆದ ಬಲಗೈಗೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಮಾವ ಎಡಗೈಯಿಂದ ಕಿಟಕಿಯಾಚೆ ಎಸೆದರು. ಆ ಬಲಗೈ ಹೆಬ್ಬೆರಳಿಗೆ ಏನಾದರೊಂದು ಕೆಲಸ ಕೊಡಲೇಬೇಕಲ್ಲ ಎಂದು ನಾನೊಂದು ರಿಮೋಟ್ ದೋಣಿ ತಂದೆ. ಆಯುಷ್ಯವೆಲ್ಲ ನದಿಯಲ್ಲಿ ಜನರನ್ನು ದಾಟಿಸಿದವರ ಮುಂದೆ ಮೊಳದುದ್ದದ ದೋಣಿ! "ನನ್ನನ್ನೇನು ಮಗು ಅಂದ್ಕೊಂಡ್ಯಾ?" ಎಂದು ಮುಖ ಸಿಂಡರಿಸಿದರು. ನೀರು ಒಳಗೆ ಸೋರುತ್ತದೆಯೋ ಏನೋ ಎಂದು ನಾನು ಅದನ್ನು ಸ್ನಾನದ ತೊಟ್ಟಿಯಲ್ಲಿ ತೇಲಿಬಿಟ್ಟು ನೋಡುತ್ತಿದ್ದಾಗ ಬಾಗಿಲಿಗೆ ಬಂದು ನಿಂತರು. "ಹಿಂದೆ ಭಾರ ಆಗಿದೆ, ಬ್ಯಾಟರಿ ಮುಂದಕ್ಕೆ ಸರಿಸು" ಎಂದರು. ಅಲ್ಲಿಗೆ ಮೀನು ಗಾಳಕ್ಕೆ ಬಿತ್ತು.

ಉದ್ಯಾನದ ಕೊಳದಲ್ಲಿ ಶುರುವಾಯಿತು ನೋಡಿ ಫಜೀತಿ. ದೂರ ಹೋಗುವಾಗ ದೋಣಿ ಹೇಳಿದ ಮಾತು ಕೇಳುತ್ತಿತ್ತು. ನಮ್ಮ ಕಡೆ ತಿರುಗಿದ ಕೂಡಲೇ ಎಡಕ್ಕೆಂದರೆ ಬಲಕ್ಕೆ. ಯಾವತ್ತೂ ದೋಣಿಯೊಳಗೆ ನಿಂತೇ ಚುಕ್ಕಾಣಿ ಹಿಡಿದವರು; ಎದುರು ಬರುವ ದೋಣಿಯ ಎಡ ನಮ್ಮ ಬಲ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. "ಚುಕ್ಕಾಣಿ ಉಲ್ಟಾ ಜೋಡಿಸಿದಾರೆ, ಅಡ್ನಾಡಿಗಳು" ಎಂದು ಬೈದು, ಮನೆಗೆ ಬಂದು ಬಿಚ್ಚಿ, ಚುಕ್ಕಾಣಿಯ ಕಡ್ಡಿಯನ್ನು ಆ ಕಡೆಯಿಂದ ಈ ಕಡೆಗೆ ಸಿಕ್ಕಿಸಿದರು. ಮಾರನೆಯ ದಿನ ಅದು ಹೊರಟಾಗಲೇ ದಾರಿ ತಪ್ಪಿ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡಿ ಬಂದವಳು ಸೊಂಟಮಟ್ಟದ ನೀರಿಗಿಳಿದೆ. ಅಲ್ಲೇ ಕೂತು ಅತ್ತುಬಿಡೋಣ ಅನಿಸಿತು. ಆಮೇಲೆ ಕಡ್ಡಿಯನ್ನು ಮೊದಲಿನಂತೆ ಹಾಕಿಸಿ, ದೋಣಿ ವಾಪಸು ಬರುವಾಗ ಅದಕ್ಕೆ ಬೆನ್ನು ಮಾಡಿ ನಿಂತು ಹೆಗಲ ಮೇಲಿಂದ ನೋಡಿ ಎಂದೆ. ಆಗ ಅದರ ಎಡವೇ ನಮ್ಮ ಎಡ.

ಇವತ್ತು ಬೆಳಿಗ್ಗೆ ಹಾಗೇ ಕತ್ತು ತಿರುಚಿಕೊಂಡು, ಬಲ ಹೆಬ್ಬೆರಳಿನಿಂದಲೇ ದೋಣಿಯನ್ನು ದಡ ಮುಟ್ಟಿಸಿದರು. ಸುತ್ತಲಿನವರು ನಕ್ಕರೂ ಕ್ಯಾರೇ ಅನ್ನಲಿಲ್ಲ. ಮಧ್ಯಾಹ್ನ ಅಂಗಿಯ ಗುಂಡಿಯನ್ನೂ ತಾವೇ ಹಾಕಿಕೊಂಡರು. "ಅಪ್ಪ ಗಟ್ಟಿಯಾಗಿದಾನೆ, ಧೈರ್ಯವಾಗಿ ಸಹಿ ಹಾಕು ಅಂತ ಬರಿ ಅವನಿಗೆ" ಎಂದರು. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಈಗ ದಿನಾ ಸಂಜೆ ನಾನು ಬರುವಷ್ಟರಲ್ಲಿ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾದಿರುತ್ತಾರೆ. ಬ್ಯಾಗು ಕೆಳಗಿಡಲೂ ಪುರುಸೊತ್ತಿಲ್ಲ.

ಮಾವನವರ ಆಶೀರ್ವಾದ, ನನ್ನ ಅಕ್ಕರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನೀವೇ ಹೆಸರಿಟ್ಟ,
ಇಸ್ತ್ರಿಪೆಟ್ಟಿಗೆ

ವಿ.ಸೂ.: ಇಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದ ಮಾವ ಬ್ಯಾಟರಿ ಚಾರ್ಜಿಗೆ ಹಾಕಲು ಒಳಗೆ ಹೋದರು, ಅಷ್ಟರಲ್ಲಿ ಗೀಚುತ್ತಿದ್ದೇನೆ. ಅವರು ಗಟ್ಟಿಯಾಗಿರುವುದು ನಿಜ. ನನ್ನ ಸ್ಥಿತಿಯನ್ನು ನೀವು ಕೇಳಿರಲಿಲ್ಲ. ನನ್ನ ಕೈಲಿ ಇನ್ನು ಆಗುವುದಿಲ್ಲ ರೀ. ಸಹಿ ಹಾಕಬೇಡಿ, ಬಂದುಬಿಡಿ.