ಪ್ಲಗ್ಗಿಗೆ ಹತ್ತಿದ ಕೆಂಪು

ಮಾರ್ಚ್ ೧೪, ಶನಿವಾರ

ನಾಳೆ ರೇಸು. ದೋಣಿ ಓಡಿಸಬೇಕಾದ ತಮ್ಮ, ಮುಖ ಊದಿಸಿಕೊಂಡು ಮಲಗಿದ್ದಾನೆ. ಮಲಗಲಿ.

ಸಂಜೆ ಶೆಡ್ಡಿನಲ್ಲಿ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿಯಲ್ಲಿ ಇಟ್ಟಿಗೆಪುಡಿಯಂಥ ಕೆಂಪು. ಪೆಟ್ರೋಲಿನ ಆಕ್ಟೇನ್ ಏರಿಸಲು ಹಾಕುವ ದ್ರವ ಅತಿಯಾದರೆ ಹೀಗಾಗುತ್ತದೆ. ನಾನು ಹಾಕಿದ್ದು ಅಳತೆ ಮಾಡಿ.

"ಎಷ್ಟು ಸುರಿದ್ಯೋ?"

"ನಾನು ಮುಟ್ಟೇ ಇಲ್ಲ." ಖಾಲಿ ಬಾಟಲಿ ಅವನ ಜೇಬಿನಿಂದಲೇ ಇಣುಕುತ್ತಿತ್ತು!

"ಇದೇನು ಟಾನಿಕ್ಕಾ? ಆಕ್ಟೇನ್ ಅಂದ್ರೆ ಶಕ್ತಿ ಅಲ್ಲ ಕಣೋ, ತಾಳ್ಮೆ! ಪಿಸ್ಟನ್ ಎಷ್ಟೇ ಒತ್ತಿದ್ರೂ ಕಿಡಿ ಬರೋವರೆಗೂ ಪೆಟ್ರೋಲು ಹೊತ್ತಿಕೊಳ್ಳದೆ ಕಾಯೋದು!" ಗಂಟಲು ಹರಿಯುವಂತೆ ಕೂಗಿದೆ.

ಕೊನೆಗೆ ಬಾಯಿಬಿಟ್ಟ. ಮೊನ್ನೆ ನೀರಿನಲ್ಲಿ ಜೋರಾಗಿ ಓಡಿಸುವಾಗ ಎಂಜಿನ್ ಟಕಟಕ ಬಡಿದುಕೊಂಡಿತಂತೆ. ಸದ್ದು ಅಡಗಲೆಂದು ಇಡೀ ಬಾಟಲಿ ಸುರಿದನಂತೆ. ಪೆಟ್ರೋಲ್ ಫಿಲ್ಟರ್ ಬಿಚ್ಚಿ ನೋಡಿದೆ. ಅರ್ಧಕ್ಕರ್ಧ ಕಸ ಕಟ್ಟಿ, ಎಂಜಿನ್ನಿಗೆ ಪೆಟ್ರೋಲೇ ಸಾಲುತ್ತಿರಲಿಲ್ಲ; ಆ ಟಕಟಕ ಅದಕ್ಕೇ. ಹಾಗೇ ರೇಸಿಗೆ ಇಳಿದಿದ್ದರೆ ಪಿಸ್ಟನ್ ಕಾದು ತೂತು ಬಿದ್ದು, ಇವನು ನಡುನೀರಿನಲ್ಲಿ.

"ಸದ್ದು ಕೇಳಿದ ದಿನವೇ ಹೇಳೋಕೆ ಏನು ಧಾಡಿ ನಿನಗೆ?"

"ಹೇಳೋಣ ಅಂತಲೇ ಬಂದೆ ಅಕ್ಕ. ನಾನು ಬಾಯಿ ತೆಗೆಯೋಕೆ ಮುಂಚೆಯೇ ನೀನು ಬಯ್ಯೋಕೆ ಶುರು ಮಾಡಿದೆ."

ಬಯ್ಯುವುದು ಇನ್ನೂ ಬೇಕಾದಷ್ಟಿತ್ತು. ಅದನ್ನು ಬಿಟ್ಟು ಟ್ಯಾಂಕ್ ಖಾಲಿ ಮಾಡಿ, ಬೇರೆ ಪೆಟ್ರೋಲು ತುಂಬಿ, ಹೊಸ ಪ್ಲಗ್, ಹೊಸ ಫಿಲ್ಟರ್ ಹಾಕಿದೆ. ಅವನು ಟಾರ್ಚ್ ಹಿಡಿದು ನಿಂತಿದ್ದ.

ಬೆಳಿಗ್ಗೆ ಎಬ್ಬಿಸುವಾಗಲಾದರೂ ಕೂಗಬಾರದು. ಆದರೆ ಒಂದೇ ಕರೆಗೆ ಏಳುವ ಪ್ರಾಣಿಯೇ ಅದು?