ನಮ್ಮ ಹೊಲದ ಹದಿನಾಲ್ಕು ಅಡಿಯ ನೆಂಟ

ಬೆಳಕವಾಡಿ,
೧೧-೨-೧೯೪೧

ಚಿ. ಸೌ. ಮಂಗಳೆಗೆ,

ನಿನ್ನ ಗಂಡ ಮನಸಾರೆ ಹರಸಿ ಬರೆಯುವುದು. ಮೈಗೆ ಈಗ ಹೇಗಿದೆ? ಸೊಂಟದ ನೋವು ಇಳಿಯಿತೆ? ಅತ್ತೆಯವರು ಕೊಡುವ ಮೆಣಸಿನ ಸಾರನ್ನು ಮುಖ ಸಿಂಡರಿಸದೆ ಕುಡಿ. ಮಗುವಿಗೆ ಕೆಮ್ಮು ಎಂದು ಬರೆದಿದ್ದೀಯೆ. ಆ ಒಂದು ಸಾಲಿನಿಂದಾಚೆಗೆ ನಿನ್ನ ಕಾಗದ ಓದಲು ನನಗೆ ಎರಡು ದಿನ ಬೇಕಾಯಿತು. ಹೋದ ಸಲ ಪರೀಕ್ಷೆಯೆಂದು ಮೈಸೂರಿನಲ್ಲಿ ಕುಳಿತೆ. ಹದಿನಾರು ದಿನ ಬಾಳಿದ ಮಗನ ಮುಖವನ್ನು ನಾನು ನೋಡಲೇ ಇಲ್ಲ. ಈಗ ಮಗಳು ಹುಟ್ಟಿ ಇಪ್ಪತ್ತು ದಿನವಾಯಿತು, ವೈದ್ಯನಾಥಪುರವೇನು ವಿಲಾಯಿತಿಯೇ, ಅಂಥ ಕೆಲಸ ಏನಿದೆ ನಿಮಗೆ ಎಂದು ನೀನು ಕೇಳಿರುವುದು ನ್ಯಾಯವೇ. ಕೆಲಸವಿಲ್ಲ, ಮಂಗಳೆ. ಸೂತಕವಿದೆ. ಗಾಬರಿಯಾಗಬೇಡ, ನಮ್ಮವರು ಯಾರೂ ಸತ್ತಿಲ್ಲ. ಸತ್ತವನು ಯಾರು ಎಂಬುದೇ ಇಲ್ಲಿಯ ಚರ್ಚೆ. ನಾಚಿಕೆಯಾಗಿ ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದೆ.

ನೀನು ತೌರಿಗೆ ಹೋದ ಮೇಲೆ ಹೊಲದಲ್ಲಿ ಬಾವಿ ತೋಡಿಸತೊಡಗಿದೆವು. ಒಂದು ದಿನ ಬೋರಯ್ಯನ ಗುದ್ದಲಿಗೆ ಮೂರೂವರೆ ಅಡಿ ಉದ್ದದ ಮೂಳೆ ತಗುಲಿತು. ಊರೆಲ್ಲ ಬಂದು ನಿಂತಿತು. ಆಸ್ತಿಯಲ್ಲಿ ಅಸ್ಥಿ ಎಂದು ನಾನೊಬ್ಬನೇ ಹೇಳಿ ನಾನೊಬ್ಬನೇ ನಕ್ಕೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಈ ಹೊತ್ತು ಮಗಳು ನನ್ನ ತೊಡೆಯ ಮೇಲಿರುತ್ತಿದ್ದಳು. ಕಾಲೇಜಿನಲ್ಲಿ ಇಂಗ್ಲಿಷ್ ಪತ್ರಿಕೆಗಳು ಬರುತ್ತಿದ್ದವು. ಅವುಗಳಲ್ಲಿ ಆಗಾಗ ದೈತ್ಯರ ಸುದ್ದಿ: ಅಮೆರಿಕದ ಯಾವುದೋ ದಿಬ್ಬದಲ್ಲಿ ಒಂಬತ್ತಡಿ ಅಸ್ಥಿಪಂಜರ, ಇನ್ನಾವುದೋ ಗುಹೆಯಲ್ಲಿ ಹನ್ನೆರಡಡಿಯದು. ತೋರಿಸಿ ಎಂದು ಯಾರಾದರೂ ಪಂಡಿತರು ಹೋದರೆ ಮೂಳೆಯೂ ಇಲ್ಲ, ಅಗೆದವನೂ ಇಲ್ಲ. ಹಾಸ್ಟೆಲಿನಲ್ಲಿ ಓದಿಕೊಂಡು ನಗುತ್ತಿದ್ದೆವು. ಅದೇ ಧಾಟಿಯಲ್ಲಿ ಅಳತೆ ಹಿಡಿದು, "ಮನುಷ್ಯನ ಎತ್ತರ ತೊಡೆಮೂಳೆಯ ನಾಲ್ಕರಷ್ಟು. ಆದ್ದರಿಂದ ಈ ಮಹಾನುಭಾವರು ಹದಿನಾಲ್ಕು ಅಡಿ" ಎಂದು ಸಾರಿದೆ. ಯಾರೂ ನಗಲಿಲ್ಲ. ದೊಡ್ಡಪ್ಪನವರು ತಲೆಯ ರುಮಾಲು ತೆಗೆದು ಕೈಮುಗಿದರು. "ನಮ್ಮೊಲದಲ್ಲಿ ಮಲಗವ್ನೆ ಅಂದ್ಮೇಲೆ ನಮ್ಮ ಇರೀಕನೇ ಕಣ್ಲಾ. ಮಣ್ಣು ಮಾಡಿ ತಿಥಿ ಮಾಡ್ಬೇಕು" ಎಂದರು. ಅಲ್ಲಿಗೆ ನಮ್ಮ ಮನೆಗೂ ದಾಯಾದಿಗಳ ಮೂರು ಮನೆಗೂ ಹನ್ನೊಂದು ದಿನದ ಸೂತಕ ಬಿತ್ತು. ನಿನಗೂ ಬರಬೇಕಿತ್ತು; ಹೆರಲು ಹೋದವಳಿಗೆ ಮುಂದೆ ಬರುವ ಪುರುಡೇ ಸಾಕು, ಮೇಲೊಂದು ಹೊರಿಸುವುದು ಬೇಡ ಎಂದು ದೊಡ್ಡಪ್ಪನವರು ಉದಾರವಾಗಿ ಬಿಟ್ಟುಕೊಟ್ಟರು.

ಹನ್ನೊಂದು ದಿನ ತಾನೆ, ಕಳೆದು ಓಡಿಬರೋಣ ಎಂದುಕೊಂಡೆ. ಆದರೆ ಅರ್ಧ ಮನುಷ್ಯನಿಗೆ ತಿಥಿ ಮಾಡುವ ಪದ್ಧತಿ ನಮ್ಮಲ್ಲಿಲ್ಲವಂತೆ. ನಾನೇ ಹದಿನಾಲ್ಕು ಅಡಿ ಎಂದಿದ್ದೆನಲ್ಲ, ಅಷ್ಟುದ್ದಕ್ಕೂ ಅಗೆಯತೊಡಗಿದರು. ಒಂಬತ್ತನೆಯ ದಿನ ಪಕ್ಕೆಲುಬು ಸಿಕ್ಕಿತು. ಸೂತಕ ಮತ್ತೆ ಮೊದಲಿಂದ. ಆಮೇಲೆ ಹತ್ತನೆಯ ದಿನ ಬೆನ್ನೆಲುಬಿನ ಮಣಿ, ಮತ್ತೆ ಮೊದಲಿಂದ. ಇಪ್ಪತ್ತೈದು ದಿನದಿಂದ ಮೂಳೆಯ ದೆಸೆಯಿಂದ ಮೂಲೆಯಲ್ಲಿ ಕುಳಿತಿದ್ದೇನೆ, ಮತ್ತು ದೊಡ್ಡಪ್ಪನವರ ಪ್ರಕಾರ ಇವತ್ತಿನ್ನೂ ಎಂಟನೆಯ ದಿನ. ತಪ್ಪಾಯಿತು, ಅದು ಆನೆಯ ಮೂಳೆ, ನಾನು ತಮಾಷೆಗೆ ಹೇಳಿದ್ದು ಎಂದು ಕಾಲಿಗೆ ಬಿದ್ದೆ. "ಅವತ್ತು ಮನುಸ ಅಂದೆ, ಎಂಡ್ರು ಗ್ಯಾಪ್ನ ಬಂದೇಟ್ಗೆ ಆನೆ ಅಂತೀಯ. ಸೂತ್ಕ ತಪ್ಪುಸ್ಕೊಳಕ್ಕೆ ಬಿಯೇ ಓದುದ್ಯೇನ್ಲಾ?" ಎಂದರು. ಮಳವಳ್ಳಿಯಿಂದ ದನದ ಡಾಕ್ಟರನ್ನು ಕರೆಸಿದೆ. ಅವರು ನೋಡಿದವರೇ, ಆನೆ, ಬ್ಲಫಿನ ಕರೆಂಟಿನ ಕಾರ್ಖಾನೆಗೆ ಯಂತ್ರ ಎಳೆದ ಆನೆಗಳಲ್ಲಿ ಒಂದಿರಬೇಕು ಎಂದರು. "ದನೀನ ಡಾಕುಟ್ರು, ಮನುಸ್ರ ಮೂಳೆ ಅವ್ರಿಗೇನು ಗೊತ್ತು, ಬುಡು" ಎಂದುಬಿಟ್ಟರು ದೊಡ್ಡಪ್ಪ. ಮನುಷ್ಯರ ಡಾಕ್ಟರಿಗೆ ಹೇಳಿ ಕಳಿಸಿದೆ. ಮನುಷ್ಯನದಲ್ಲದ ಮೂಳೆ ನೋಡಲು ತಮಗೆ ಪುರಸತ್ತಿಲ್ಲವೆಂದು ಅವರು ಬರಲೇ ಇಲ್ಲ.

ಹೇಳದೆ ಓಡಿಬರಬಹುದಿತ್ತು. ಆದರೆ ಸುದ್ದಿ ನನಗಿಂತ ಮೊದಲು ಮದ್ದೂರು ದಾಟಿ ನಿಮ್ಮೂರು ಮುಟ್ಟುತ್ತದೆ. ಸೂತಕದವನನ್ನು ಅತ್ತೆಯವರು ಹೊಸ್ತಿಲು ದಾಟಗೊಡರು. ದಾಟಗೊಟ್ಟರೂ ಕೆಮ್ಮುವ ಕೂಸನ್ನು ಮುಟ್ಟಲು ನನಗೇ ಧೈರ್ಯವಿಲ್ಲ. ಇದರಲ್ಲೆಲ್ಲ ನಂಬಿಕೆಯಿಲ್ಲ ಎನ್ನುವವನು ನಾನು. ಒಂದು ಮಗುವನ್ನು ಕಳೆದುಕೊಂಡವನಿಗೆ ನಂಬದಿರುವಷ್ಟು ಧೈರ್ಯ ಉಳಿಯುವುದಿಲ್ಲ, ಮಂಗಳೆ.

ಈ ಬೆಳಿಗ್ಗೆ ದಂತದ ಮುರುಕು ಸಿಕ್ಕಿತು, ಒಂದೂವರೆ ಅಡಿಯದು. ಬಿಡುಗಡೆಯಾಯಿತೆಂದು ಕುಣಿದಾಡಿ ದೊಡ್ಡಪ್ಪನವರ ಕೈಗಿಟ್ಟೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಕೋರೆಹಲ್ಲು ಕಣ್ಲಾ, ಇವ್ನು ರಾಕ್ಸಸ" ಎಂದರು. ನಾನು ತಲೆಗೆ ಕೈಯಿಟ್ಟುಕೊಂಡೆ. ಅವರ ಮಾತು ಮುಗಿದಿರಲಿಲ್ಲ. "ರಾಕ್ಸಸ ಅಂದ್ಮೇಲೆ ನಮ್ಮ ಕುಲದೋನಲ್ಲ. ಸೂತ್ಕ ಇಲ್ಲ, ತಿಥಿ ಇಲ್ಲ. ಆದ್ರೆ ನಾಳೆ ದಾಯಾದಿಗಳು ತಕ್ರಾರು ತೆಗೀಬಾರ್ದು. ಓದ್ದೋನು ನೀನು, ಬರ್ದು ರುಜು ಆಕ್ಕೊಡು. ಕಲ್ಲಲ್ಲಿ ಕೆತ್ತುಸಿ ಬಾವಿ ತಾವ್ ನೆಡ್ತೀನಿ" ಎಂದರು. ಆನೆಯೆಂದರೆ ಸೆರೆ, ರಾಕ್ಷಸನೆಂದರೆ ಬಿಡುಗಡೆ. ನಾನಿರುವುದು ಇವೆರಡರ ನಡುವಿನ ಇಷ್ಟು ಜಾಗದಲ್ಲಿ. ದೇಶಾಂತರದಲ್ಲಿ ದೈತ್ಯರ ಸುದ್ದಿ ಬರೆದ ಆ ಜನರಿಗೂ ಯಾರೋ ಎಲ್ಲೋ ಕಾಯುತ್ತಿದ್ದರೇನೋ ಎಂದು ಇವತ್ತು ಮೊದಲ ಸಲ ಅನ್ನಿಸಿತು. ಯೋಚಿಸಿ ಹೇಳುತ್ತೇನೆಂದು ಬಂದು ಈ ಕಾಗದ ಬರೆಯಲು ಕುಳಿತೆ.

ಅತ್ತೆಗೂ ಮಾವನವರಿಗೂ ನನ್ನ ನಮಸ್ಕಾರ. ಅವ್ವ ನಿನ್ನ ನೆತ್ತಿಗೆ ಎಣ್ಣೆ ತಪ್ಪಿಸಬಾರದೆಂದು ಹೇಳುತ್ತಿದ್ದಾಳೆ. ಮಗಳ ಪಾದಕ್ಕೊಂದು ಮುತ್ತು.

ನಿನ್ನವನೇ ಆದ,
ಚಲುವರಾಜು

ಮತ್ತೊಂದು ಮಾತು: ಅಂಚೆಯವರನ್ನು ಜಗುಲಿಯಲ್ಲಿ ಕೂರಿಸಿ ಇಷ್ಟು ಸೇರಿಸುತ್ತಿದ್ದೇನೆ. ಬರೆದುಕೊಟ್ಟುಬಿಟ್ಟೆ. "ಇಲ್ಲಿ ದೊರೆತದ್ದು ರಾಕ್ಷಸನ ಮೂಳೆಗಳೆಂದು ಪರೀಕ್ಷಿಸಿ ತಿಳಿದಿದ್ದೇನೆ. ಚಲುವರಾಜು, ಬಿ.ಎ." ಗುರುವಾರ ಕಲ್ಲು ನೆಟ್ಟ ಕೂಡಲೇ ಬಸ್ಸು ಹಿಡಿಯುತ್ತೇನೆ. ಅಲ್ಲಿಯವರೆಗೆ ಕೂಸಿನ ಎದೆ ಬೆಚ್ಚಗಿಡು. ಮುಂದೆ ಅವಳು ಓದು ಕಲಿತು, ಅಪ್ಪ ಇಂಥ ಸುಳ್ಳಿನ ಕೆಳಗೆ ಯಾಕೆ ಹೆಸರು ಹಾಕಿದ ಎಂದು ಕೇಳಿದರೆ ನಾನು ಏನಾದರೂ ತಮಾಷೆ ಮಾಡಿ ಹಾರಿಸಿಬಿಡುತ್ತೇನೆ. ನೀನು ಹೇಳು, ಅಪ್ಪನಿಗೆ ನಿನ್ನನ್ನು ನೋಡಬೇಕಾಗಿತ್ತು ಎಂದು.