ಆಕಾಶದ ಮೇಲೆ ಸೂಕ್ತ ಕ್ರಮ ಕೈಗೊಂಡವರಿಗೆ

ಖಗೋಳ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಯಜಮಾನರು ಕಳಿಸಿದ ನಲವತ್ತು ಪುಟಗಳನ್ನು ನಿಮ್ಮ ಕಚೇರಿ ಓದಿಲ್ಲ, ಓದಿದಂತೆ ಮೊಹರು ಮಾತ್ರ ಒತ್ತಿದೆ. ಇದೇ ನನ್ನ ದೂರು. ಎಂಟು ತಿಂಗಳು ಇಟ್ಟುಕೊಂಡು, 'ಪರಿಶೀಲಿಸಲಾಗಿದೆ, ಸೂಕ್ತ ಕ್ರಮ ಕೈಗೊಳ್ಳಲಾಗಿದೆ' ಎಂಬ ಒಂದೇ ಸಾಲಿನೊಂದಿಗೆ ಹಿಂದಿರುಗಿಸಿದಿರಿ. ಅವರು ಬರೆದದ್ದು ಸೂರ್ಯ, ಗ್ರಹ, ನಕ್ಷತ್ರಗಳ ಬಗ್ಗೆ. ಆಕಾಶದ ಮೇಲೆ ತಾವು ಕೈಗೊಂಡ ಸೂಕ್ತ ಕ್ರಮ ಯಾವುದು ಸ್ವಾಮಿ? ಶನಿಗೆ ನೋಟಿಸು ಕೊಟ್ಟಿರಾ?

ನಮ್ಮದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಕಾಯಿಲ್ ಸುತ್ತುವವಳು ನಾನು, ಅದನ್ನು ಕೂರಿಸಿ ಜೋಡಿಸುವವರು ಅವರು. ಕೆಲಸ ಸರಿಯಾಗಿದೆಯೇ ಎಂದು ನೋಡಲು ನಮ್ಮಲ್ಲೊಂದು ಪದ್ಧತಿಯಿದೆ. ಮೋಟಾರಿನ ಪೊಳ್ಳು ಹೊರಭಾಗದೊಳಗೆ ಬೇರಿಂಗಿನ ಉಕ್ಕಿನ ಗುಂಡೊಂದನ್ನು ಬಿಟ್ಟು ಕರೆಂಟು ಕೊಡುತ್ತೇವೆ. ಎಲ್ಲ ಸರಿಯಿದ್ದರೆ ಗುಂಡು ಒಳಗೋಡೆಯನ್ನು ಹಿಡಿದು ತಾನಾಗಿ ಗಿರಗಿರ ಸುತ್ತುತ್ತದೆ. ಇಪ್ಪತ್ತೆರಡು ವರ್ಷ ಅದನ್ನೇ ನೋಡಿದ ಮನುಷ್ಯನಿಗೆ ಒಂದು ದಿನ ಹೊಳೆಯಿತು. "ಭೂಮೀನೂ ಹೀಗೇ ಕಣೇ! ಗುರುತ್ವಾಕರ್ಷಣೆ ಅನ್ನೋದೆಲ್ಲ ಬರೀ ಬೊಗಳೆ. ಆಕಾಶದಲ್ಲಿ ಓಡ್ತಿರೋದು ಕರೆಂಟು!" ಎಂದರು. ನಾನು ನಕ್ಕುಬಿಟ್ಟೆ. ಆಮೇಲೆ ಫೋನಿನಲ್ಲಿ ಅದನ್ನೇ ಹೇಳುವ ಜನ ಅವರಿಗೆ ಸಿಕ್ಕರು, ದೇಶದೇಶಗಳಲ್ಲಿ ಇದ್ದಾರಂತೆ. ಆ ಹುರುಪಿನಲ್ಲೇ ನಿಮಗೆ ಕಳಿಸಿದ ನಲವತ್ತು ಪುಟ ಬರೆದರು. ನನ್ನ ನಗು ಅಲ್ಲಿಗೆ ನಿಂತಿತು.

ನಮ್ಮ ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. ಪರೀಕ್ಷೆಯಲ್ಲಿ ಪುಸ್ತಕದಲ್ಲಿದ್ದ ಹಾಗೆಯೇ ಬರೆದು ಬಂದಳು. "ನೀನೂ ಆ ವಿಜ್ಞಾನಿಗಳ ಪಾರ್ಟಿ ಸೇರ್ಕೊಂಡ್ಯಾ?" ಎಂದು ಇವರು ಕೇಳಿದರು. "ಅಪ್ಪಾ, ನಾನು ಪಾಸಾಗ್ಬೇಕಲ್ಲಾ" ಎಂದಳು. ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಊಟಕ್ಕೆ ಎದುರುಬದುರು ಕೂತು, "ಅಮ್ಮಾ, ಅವ್ರಿಗೆ ಇನ್ನೊಂಚೂರು ಅನ್ನ ಬೇಕಾ ಕೇಳು" ಎನ್ನುತ್ತಾಳೆ. ಈ ಮನೆಯಲ್ಲಿ ಸದ್ಯಕ್ಕೆ ಮಾತು ಹರಿಯುವ ತಂತಿ ನಾನೊಬ್ಬಳೇ.

ಓದಿಲ್ಲ ಎಂದು ನನಗೆ ಹೇಗೆ ಗೊತ್ತು ಎನ್ನುವಿರಾ? ಕಳಿಸುವ ಮುನ್ನ ಆ ಕಟ್ಟನ್ನು ವಾರ್ನಿಷ್ ಡಬ್ಬಿಯ ಪಕ್ಕ ಇಟ್ಟಿದ್ದೆ. ಮೂರನೆಯ, ನಾಲ್ಕನೆಯ ಹಾಳೆಗಳು ಅಂಟಿಕೊಂಡಿದ್ದವು. ಹಾಗೆಯೇ ಅಂಟಿಕೊಂಡು ಹಿಂದಿರುಗಿದವು! ಯಾವ ವಿಜ್ಞಾನಿ ಅದನ್ನು ಪರಿಶೀಲಿಸಿದರು? ಅಥವಾ ನಿಮ್ಮಲ್ಲಿ ಮೊಹರಿಗೇ ಕಣ್ಣಿದೆಯೇ? ಯಾರೂ ಓದಲೇ ಇಲ್ಲವೆಂದು ತಿಳಿದರೆ ಕುಸಿದುಹೋಗುತ್ತಾರೆಂದು, ಅವರು ಅಂಗಡಿಗೆ ಬರುವ ಮೊದಲೇ ಹಾಳೆಗಳನ್ನು ಬ್ಲೇಡಿನಿಂದ ಬಿಡಿಸಿಟ್ಟೆ. ಅವರು ಬಂದು ನೋಡಿ, "ಎಂಟು ತಿಂಗ್ಳು ಕೂತು ಓದಿದಾರೆ ಕಣೇ. ತಪ್ಪಿದ್ದಿದ್ರೆ ಬರೀತಿರ್ಲಿಲ್ವಾ? ಮೌನಂ ಸಮ್ಮತಿ ಲಕ್ಷಣಂ!" ಎಂದು ಕುಣಿದರು. ನಾನು ಬ್ಲೇಡನ್ನು ಡ್ರಾಯರಿನೊಳಗೆ ಸರಿಸಿದೆ. ಹಾಗಾಗಿ ಈ ಹುಚ್ಚು ಬೆಳೆದದ್ದರಲ್ಲಿ ಅರ್ಧ ಪಾಲು ನಿಮ್ಮ ಮೊಹರಿನದು, ಉಳಿದರ್ಧ ನನ್ನ ಬ್ಲೇಡಿನದು.

ಆ ನಲವತ್ತು ಪುಟದಲ್ಲಿ ತಪ್ಪು ಎಲ್ಲಿದೆ ಎಂಬುದು ನಿಮಗೆ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನವೇ. ನನಗಂತೂ ಗೊತ್ತು. ಸ್ವಿಚ್ಚು ಆರಿಸಿದ ಕೂಡಲೇ ಗುಂಡು ಕೆಳಗೆ ಬಿದ್ದು ಮೇಜಿನಡಿಗೆ ಉರುಳುತ್ತದೆ. ಕರೆಂಟೇ ಇಲ್ಲದಾಗ ಅದನ್ನು ಕೆಳಗೆ ಎಳೆದವರು ಯಾರು? ಅವರು ಅಷ್ಟರಲ್ಲಿ ಮುಂದಿನ ಮೋಟಾರಿಗೆ ಹೋಗಿರುತ್ತಾರೆ. ಗುಂಡು ಬೀಳುವುದನ್ನು ಒಂದು ದಿನವೂ ನೋಡಿದವರಲ್ಲ. ಇದನ್ನು ನಾನು ಹೇಳಿದರೆ ನಾನೂ ಆ ಪಾರ್ಟಿಯವಳಾಗುತ್ತೇನೆ. ಆಮೇಲೆ ಅವರ ಕಡೆ ಉಳಿಯುವವರು ಯಾರು? ಆ ಭಯಕ್ಕೆ ಇಷ್ಟು ದಿನ ಸುಮ್ಮನಿದ್ದೆ. ಈಗ ಹೇಳಿಬಿಟ್ಟೆ. ಈ ಪತ್ರವನ್ನು ಅಂಚೆಗೆ ಹಾಕಲು ಅವರ ಕೈಗೇ ಕೊಡುತ್ತೇನೆ, ಹಾಗಾಗಿ ನಿಮಗಿಂತ ಮೊದಲು ಅವರೇ ಓದುತ್ತಾರೆ, ಬ್ಲೇಡಿನ ವಿಷಯವೂ ಸೇರಿ. ಓದಲಿ.

ನನ್ನ ಬೇಡಿಕೆ ಇಷ್ಟೇ. ಆ ನಲವತ್ತು ಪುಟ ನಿಜವಾಗಿ ಓದಿದ ಒಬ್ಬರನ್ನು ನಮ್ಮ ಅಂಗಡಿಗೆ ಕಳಿಸಿ. ಮೊಹರು ಬೇಡ, ಬಾಯಿ ಇರುವವರು ಬರಲಿ, ಬಂದು ಜಗಳವಾಡಲಿ. ಎದುರು ನಿಂತು ಜಗಳವಾಡಿದವರನ್ನು ಅವರು ನಂಬುತ್ತಾರೆ, ನಮ್ಮ ಸಂಸಾರವೇ ಅದಕ್ಕೆ ಸಾಕ್ಷಿ. ಮಗಳೂ ಪಕ್ಕದಲ್ಲಿರಲಿ. ಗುಂಡು ಸುತ್ತುತ್ತಿರುವಾಗ ಸ್ವಿಚ್ಚು ನಾನು ಆರಿಸುತ್ತೇನೆ. ಈ ಸಲ ಹೆಕ್ಕಲು ಅವರು ಬಗ್ಗಲಿ.

ಇಂತಿ,
ಮೇಜಿನಡಿಗೆ ಉರುಳಿದ ಗುಂಡನ್ನು ಇಪ್ಪತ್ತೆರಡು ವರ್ಷದಿಂದ ಬಾಯಿ ಮುಚ್ಚಿಕೊಂಡು ಹೆಕ್ಕಿಕೊಟ್ಟವಳು